ಎಳೆಯ ಮಕ್ಕಳಿಗೆ ಕಥೆಯ ಪುಸ್ತಕಗಳ ಮೂಲಕ ಸ್ಪ್ಯಾನಿಷ್ ಭಾಷೆ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬಳು ಅಮೆರಿಕದ ಕ್ಯಾಲಿಫೋರ್ನಿಯ ಪ್ರಾಂತದಿಂದ ಕಳೆದ ವರುಷ ನಮಗೊಂದು ಕಾಗದವನ್ನು ಬರೆದಿದ್ದಳು. ಆಕೆಯು ಈಗ ನಾಲ್ಕು ವರುಷದ ಗಂಡುಮಗುವಿನ ತಾಯಿ. ಅವರು ವಾಸಿಸುವ ಬೀದಿಯಲ್ಲಿ ಮೆಕ್ಸಿಕೊ ದೇಶದಿಂದ ಬಂದು ನೆಲಸಿದ ಸಂಸಾರಗಳು ಅನೇಕವಿರುವುವಂತೆ. ಪಕ್ಕದ ಮನೆಯ ವೃದ್ಧೆಯೊಬ್ಬರು ಈ ಮಗುವನ್ನು ಕಂಡಾಗಲೆಲ್ಲ ಸ್ಪ್ಯಾನಿಷ್ ಭಾಷೆಯಲ್ಲಿ ಮುದ್ದಿನಿಂದ ಮಾತನಾಡಿಸುವರು. ಮಗುವು ನಗುವುದೇ ಹೊರತು ಉತ್ತರ ಹೇಳಲಾರದು. ಅಲ್ಲಿಯ ಶಾಲೆಗಳಲ್ಲಿಯೂ ಮುಂದೆ ಈ ಭಾಷೆ ಉಪಯೋಗಕ್ಕೆ ಬರುವುದೆಂದು ಕೇಳಿ, ಆಕೆಯು ನಮ್ಮನ್ನು ಮೂರು ಪ್ರಶ್ನೆಗಳನ್ನು ಕೇಳಿರುವಳು. ಒಂದು: ತನಗೇ ಬಾರದ ಭಾಷೆಯನ್ನು ತಾಯಿಯು ಮಗುವಿಗೆ ಕಥೆಯ ಪುಸ್ತಕ ಹಿಡಿದು ಕಲಿಸಬಹುದೆ? ಎರಡು: ಯಾವ ಪುಸ್ತಕಗಳಿಂದ, ಯಾವ ಕ್ರಮದಿಂದ? ಮೂರು: ಇದರಿಂದ ಮಗುವಿನ ಕನ್ನಡವು ಕೆಟ್ಟೀತೆ? ಈ ಮೂರನೆಯ ಪ್ರಶ್ನೆಯು ತನ್ನದಲ್ಲ, ಊರಿನಲ್ಲಿರುವ ಅತ್ತೆಯವರದು ಎಂದು ಸೇರಿಸಿರುವಳು.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಇಂದು ಪರದೇಶಗಳಲ್ಲಿ ಮಕ್ಕಳನ್ನು ಬೆಳೆಸುತ್ತಿರುವರು. ಆದಕಾರಣ ಒಬ್ಬಳಿಗೆ ಬರೆದ ಉತ್ತರವನ್ನು ಸ್ವಲ್ಪ ವಿಸ್ತರಿಸಿ ಎಲ್ಲರಿಗಾಗಿ ಇಲ್ಲಿ ಕೊಡುತ್ತೇವೆ.

ಭಾಷೆಯ ಪರಿಚಯ

ಸ್ಪ್ಯಾನಿಷ್ ಭಾಷೆಯು ಸ್ಪೇನ್ ದೇಶದಲ್ಲಿ ಹುಟ್ಟಿದುದಾದರೂ ಇಂದು ಅದನ್ನು ಆಡುವವರಲ್ಲಿ ಹೆಚ್ಚಿನವರು ಅಮೆರಿಕ ಖಂಡಗಳಲ್ಲಿ ಇದ್ದಾರೆ. ಮೆಕ್ಸಿಕೊ, ಕೊಲಂಬಿಯ, ಪೆರು, ಆರ್ಜೆಂಟೀನ ಮೊದಲಾದ ಸುಮಾರು 20 ದೇಶಗಳಲ್ಲಿ ಇದು ರಾಜಭಾಷೆ. ಹೆಚ್ಚುಕಡಮೆ 50 ಕೋಟಿ ಜನರಿಗೆ ಇದು ಮಾತೃಭಾಷೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿಯೇ 4 ಕೋಟಿಗೆ ಮಿಕ್ಕ ಜನರು ಇದನ್ನು ಮನೆಯಲ್ಲಿ ಆಡುವರು. ಕ್ಯಾಲಿಫೋರ್ನಿಯದ ಊರುಗಳ ಹೆಸರುಗಳಲ್ಲಿಯೂ ಇದು ನೆಲಸಿದೆ. ಲಾಸ್ ಏಂಜಲಿಸ್ ಎಂದರೆ ದೇವದೂತರು. ಸಾನ್ ಹೋಸೆ ಎಂದರೆ ಸಂತ ಯೋಸೇಫ. ಹೀಗಿರುವಾಗ ಆ ಮಗುವಿಗೆ ಇದು ದೂರದೇಶದ ಭಾಷೆಯಲ್ಲ. ಬೇಲಿಯ ಆಚೆಯ ಮನೆಯ ಭಾಷೆ. ಇದನ್ನು ಕಲಿಸಲು ನಮಗೆ ತೋರುವ ಉತ್ತಮ ಕಾರಣವೂ ಅದೇ. ಮುಂದೆ ದೊರೆಯಬಹುದಾದ ಉದ್ಯೋಗವು ಆಮೇಲಿನ ಮಾತು. ಇಂದು ಮಾತನಾಡಿಸುತ್ತಿರುವ ಮುದುಕಿಗೆ ಉತ್ತರ ಕೊಡುವುದು ಮೊದಲಿನ ಮಾತು.

ಜೀವಂತ ಮನುಷ್ಯರ ಆವಶ್ಯಕತೆ

ಈಗಿನ ಕಾಲದಲ್ಲಿ ಮಗುವಿನ ಕೈಗೆ ಒಂದು ಪರದೆಯನ್ನು ಕೊಟ್ಟರೆ ಯಾವ ಭಾಷೆಯಾದರೂ ತಾನಾಗಿ ಬರುವುದೆಂಬ ನಂಬಿಕೆ ಹರಡಿದೆ. ಈ ವಿಷಯದಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಪ್ಯಾಟ್ರಿಷಿಯ ಕೂಲ್ ಎಂಬ ವಿದ್ವಾಂಸೆಯೂ ಅವರ ಸಂಗಡಿಗರೂ 2003ರಲ್ಲಿ ಪ್ರಕಟಿಸಿದ ಪ್ರಯೋಗವು ವಿಚಾರಯೋಗ್ಯವಾದುದು. ಇಂಗ್ಲಿಷನ್ನು ಮಾತ್ರ ಕೇಳಿ ಬೆಳೆಯುತ್ತಿದ್ದ 9 ತಿಂಗಳ ಶಿಶುಗಳಿಗೆ ಚೀನೀ ಭಾಷೆಯನ್ನು 12 ಸಲ ಕೇಳಿಸಿದರು. ಒಂದೊಂದು ಸಲಕ್ಕೆ ಸುಮಾರು 25 ನಿಮಿಷ. ಸ್ವಲ್ಪ ಹೊತ್ತು ಮಕ್ಕಳ ಪುಸ್ತಕ, ಸ್ವಲ್ಪ ಹೊತ್ತು ಆಟಿಕೆ. ಒಂದು ಗುಂಪಿನ ಎದುರಿಗೆ ಜೀವಂತ ವ್ಯಕ್ತಿಯು ಕುಳಿತು ಓದಿದರು. ಬೇರೆ ಗುಂಪುಗಳಿಗೆ ಅದೇ ವ್ಯಕ್ತಿಯ ಚಿತ್ರಮುದ್ರಣವನ್ನಾಗಲಿ ಧ್ವನಿಮುದ್ರಣವನ್ನಾಗಲಿ ಒದಗಿಸಿದರು. ಮನುಷ್ಯರೊಡನೆ ಕುಳಿತ ಶಿಶುಗಳು ಆ ಭಾಷೆಯ ಧ್ವನಿಭೇದಗಳನ್ನು ಗುರುತಿಸಿದವು; ಯಂತ್ರದಿಂದ ಕೇಳಿದವು ಗುರುತಿಸಲಿಲ್ಲ. ಧ್ವನಿಯೂ ಪುಸ್ತಕವೂ ಒಂದೇ ಆಗಿದ್ದವು. ಎದುರಿಗೆ ಇದ್ದ ಮುಖವೊಂದೇ ವ್ಯತ್ಯಾಸ.

ಇದು ಶಿಶುಗಳ ವಿಷಯವೆಂಬುದನ್ನೂ, ಧ್ವನಿಗಳನ್ನು ಮಾತ್ರ ಪರೀಕ್ಷಿಸಿದರೆಂಬುದನ್ನೂ ಮರೆಯಕೂಡದು. ಆದರೂ ತಾಯಿಗೆ ಇದರಲ್ಲಿ ಧೈರ್ಯವುಂಟು. ನಿಮ್ಮ ಉಚ್ಚಾರಣೆಯು ಪೂರ್ಣವಾಗಿರಬೇಕೆಂದಿಲ್ಲ, ನೀವು ಅಲ್ಲಿರಬೇಕು. ಯಂತ್ರವನ್ನು ನೀವು ನಿಮ್ಮ ಗುರುವಾಗಿ ಮಾಡಿಕೊಳ್ಳಿರಿ. ಮಗು ಮಲಗಿದ ಮೇಲೆ ನಾಳಿನ ಪುಸ್ತಕವನ್ನು ಆ ಭಾಷೆಯವರು ಓದಿದ ಧ್ವನಿಮುದ್ರಣದಲ್ಲಿ ಎರಡು ಸಲ ಕೇಳಿ, ಗಟ್ಟಿಯಾಗಿ ಓದಿ ರೂಢಿಮಾಡಿಕೊಳ್ಳಿರಿ. ಮಗುವಿಗೆ ಗುರು ನೀವೇ ಆಗಿರಿ.

ಕನ್ನಡದ ತಾಯಿಗಿರುವ ಮೂಲಧನ

ಮೊದಲನೆಯ ಪ್ರಶ್ನೆಗೆ ನಮ್ಮ ಉತ್ತರವೇನೆಂದರೆ, ಕನ್ನಡ ಬಲ್ಲ ತಾಯಿಯು ಈ ಕೆಲಸಕ್ಕೆ ಬರಿಗೈಯಿಂದ ಹೋಗುವವಳಲ್ಲ. ಸ್ಪ್ಯಾನಿಷ್ ಭಾಷೆಯಲ್ಲಿ ಐದೇ ಸ್ವರಗಳು. ಅವು ನಮ್ಮ ಅ, ಎ, ಇ, ಒ, ಉಗಳಿಗೆ ಬಹು ಸಮೀಪವಾದುವು. ಇಂಗ್ಲಿಷಿನಂತೆ ಒಂದೇ ಅಕ್ಷರವು ಹಲವು ಬಗೆಯಾಗಿ ನುಡಿಯುವ ತೊಡಕು ಇಲ್ಲಿಲ್ಲ, ಬರೆದಂತೆ ಓದಬಹುದು. ಇಂಗ್ಲಿಷ್ ಮಾತಾಡುವವರು ಪದದ ಮೊದಲಿನ ಪ, ತ, ಕಗಳಿಗೆ ಉಸಿರನ್ನು ಸೇರಿಸಿಬಿಡುವರು. ಸ್ಪ್ಯಾನಿಷಿಗೆ ಬೇಕಾದದ್ದು ನಮ್ಮ ಅಲ್ಪಪ್ರಾಣವೇ. ತಕಾರ ದಕಾರಗಳೂ ನಮ್ಮವುಗಳಂತೆ ಹಲ್ಲಿಗೆ ತಾಗಿ ಹುಟ್ಟುವುವು. ಎನ್ ಅಕ್ಷರದ ಮೇಲೆ ಸಣ್ಣ ಅಲೆಯಂತಹ ಗೆರೆಯಿರುವ ಒಂದು ಅಕ್ಷರವುಂಟು. ಇಂಗ್ಲಿಷಿನವರು ಅದನ್ನು ಕಂಡು ಹಿಂಜರಿಯುವರು. ವರ್ಣಮಾಲೆಯಲ್ಲಿ ಞಕಾರವನ್ನು ಬಾಯಿಪಾಠ ಮಾಡಿದ ನಮ್ಮ ಹುಡುಗಿಯರಿಗೆ ಅದು ಹಳೆಯ ಗೆಳತಿ.

ಕಲಿಯಬೇಕಾದವು ಕೆಲವುಂಟು. ಎಚ್ ಅಕ್ಷರಕ್ಕೆ ಧ್ವನಿಯಿಲ್ಲ. ಜೆ ಅಕ್ಷರವು ಗಂಟಲಿನಿಂದ ಬರುವ ಹಕಾರ. ಜೋಡಿ ಎಲ್ ಅಕ್ಷರವು ಬಹಳ ಕಡೆ ಯಕಾರದಂತೆ ನುಡಿಯುವುದು. ರಕಾರದಲ್ಲಿ ಒತ್ತಿ ಅದುರಿಸುವುದು ಬೇರೆ, ಮೆಲ್ಲನೆ ತಾಗಿಸುವುದು ಬೇರೆ: ‘ಪೆರ್ರೊ’ ಎಂದರೆ ನಾಯಿ, ‘ಪೆರೊ’ ಎಂದರೆ ಆದರೆ. ಪ್ರಶ್ನೆಯ ವಾಕ್ಯಗಳ ಮೊದಲಿಗೇ ತಲೆಕೆಳಗಾದ ಪ್ರಶ್ನಚಿಹ್ನೆಯೊಂದು ಇರುವುದು. ಸ್ಪೇನಿನ ರಾಜ ಅಕಾಡೆಮಿಯು 1754ರಲ್ಲಿ ಇದನ್ನು ವಿಧಿಸಿತು. ಗಟ್ಟಿಯಾಗಿ ಓದುವ ತಾಯಿಗೆ ಇದರಷ್ಟು ಉಪಕಾರಿ ಮತ್ತೊಂದಿಲ್ಲ. ವಾಕ್ಯವನ್ನು ಮುಟ್ಟುವ ಮೊದಲೇ ಧ್ವನಿಯನ್ನು ಏರಿಸಬೇಕೆಂದು ಅದು ತಿಳಿಸಿಬಿಡುವುದು.

ವ್ಯಾಕರಣದಲ್ಲಿಯೂ ಪರಿಚಿತವಾದದ್ದು ಬಹಳ. ನಾವು ‘ಹಾಡುತ್ತೇನೆ’ ಎಂದರೆ ‘ನಾನು’ ಎಂದು ಬೇರೆ ಹೇಳಬೇಕಾಗಿಲ್ಲ; ಕ್ರಿಯಾಪದದ ಕೊನೆಯೇ ಕರ್ತೃವನ್ನು ತಿಳಿಸುವುದು. ಅವರ ‘ಕಾಂತೊ’ ಎಂಬ ಒಂದೇ ಮಾತಿನಲ್ಲಿಯೂ ಹಾಗೆಯೇ. ನಾವು ‘ನನಗೆ ಹಾಲು ಇಷ್ಟ’ ಎನ್ನುವ ರೀತಿಯಲ್ಲೇ ಅವರು ‘ಮೆ ಗುಸ್ತಾ ಲಾ ಲೆಚೆ’ ಎನ್ನುವರು. ಇಷ್ಟವಾಗುವುದು ಹಾಲು, ಇಷ್ಟವಾದುದು ನನಗೆ. ನಮ್ಮ ನೀನು, ನೀವು ಎಂಬ ಭೇದದಂತೆ ಅವರಲ್ಲಿ ‘ತೂ’, ‘ಉಸ್ತೆದ್’ ಎಂದುಂಟು. ಹಿರಿಯರನ್ನು ಏಕವಚನದಿಂದ ಕರೆಯಬಾರದೆಂಬುದನ್ನು ನಮ್ಮ ಮಕ್ಕಳಿಗೆ ಹೊಸದಾಗಿ ಕಲಿಸಬೇಕೆ? ಹೊಸದಾದದ್ದು ಲಿಂಗ. ನಮ್ಮಲ್ಲಿ ಅಚೇತನ ವಸ್ತುಗಳೆಲ್ಲ ನಪುಂಸಕಲಿಂಗ. ಅವರಲ್ಲಿ ಮೇಜು ಸ್ತ್ರೀ, ಪುಸ್ತಕ ಪುರುಷ. ಇದಕ್ಕೆ ನಿಯಮವನ್ನು ಹೇಳಿ ಬೇಸರಪಡಿಸದೆ ‘ಲಾ ಮೇಸಾ’, ‘ಎಲ್ ಲೀಬ್ರೊ’ ಎಂದು ಎರಡು ಮಾತುಗಳನ್ನು ಒಂದೇ ಮಾತಾಗಿ ಕಲಿಸತಕ್ಕದ್ದು.

ಇನ್ನೊಂದು ಸಂತೋಷದ ವಿಷಯ. ಸ್ಪ್ಯಾನಿಷಿನ ಸೋದರಭಾಷೆಯಾದ ಪೋರ್ತುಗೀಜಿನಿಂದ ಗೋವೆಯ ಮಾರ್ಗವಾಗಿ ನಮ್ಮ ಕರಾವಳಿಗೆ ಕೆಲವು ಮಾತುಗಳು ಬಂದಿವೆ. ಪಾದ್ರಿ, ಇಗರ್ಜಿ, ಮೇಸ್ತ್ರಿ, ಚಾವಿ ಎಂಬವು ಅಂತಹವು. ಸ್ಪ್ಯಾನಿಷಿನಲ್ಲಿ ಇವುಗಳ ಬಂಧುಗಳು ಪಾದ್ರೆ, ಇಗ್ಲೇಸಿಯಾ, ಮಾಎಸ್ತ್ರೊ, ಯಾವೆ ಎಂದು. ಮಂಗಳೂರಿನ ಅಜ್ಜಿಯು ತಿಳಿಯದೆಯೇ ಬಳಸುತ್ತಿದ್ದ ಮಾತುಗಳ ಅಕ್ಕತಂಗಿಯರನ್ನು ಮೊಮ್ಮಗನು ಕ್ಯಾಲಿಫೋರ್ನಿಯದಲ್ಲಿ ಕಾಣುವನು.

ಪುಸ್ತಕಗಳ ಆಯ್ಕೆ

ಎಳೆಯ ಮಗುವಿನ ಮೊದಲ ಪುಸ್ತಕದಲ್ಲಿ ಮೂರು ಗುಣಗಳಿರಬೇಕು. ಚಿತ್ರವನ್ನು ನೋಡಿದರೆ ಕಥೆಯು ತಿಳಿಯಬೇಕು. ಒಂದು ಪುಟಕ್ಕೆ ಒಂದೆರಡು ವಾಕ್ಯಗಳಿಗಿಂತ ಹೆಚ್ಚಿರಬಾರದು. ಒಂದೇ ಮಾತು ಮತ್ತೆ ಮತ್ತೆ ಬರುತ್ತಿರಬೇಕು. ಎರಿಕ್ ಕಾರ್ಲ್ ಅವರು 1969ರಲ್ಲಿ ಬರೆದ ಹಸಿದ ಕಂಬಳಿಹುಳುವಿನ ಪುಸ್ತಕವು ಸ್ಪ್ಯಾನಿಷಿನಲ್ಲಿಯೂ ದೊರೆಯುವುದು. ವಾರದ ದಿನಗಳು, ಎಣಿಕೆ, ಹಣ್ಣುಗಳ ಹೆಸರು, ಈ ಮೂರೂ ಆ ಒಂದೇ ಪುಸ್ತಕದಲ್ಲಿ ಪಾಠವೆನಿಸದೆ ಬರುವುವು. ಆದರೆ ಭಾಷಾಂತರಗಳೊಡನೆ ಆ ಜನರದೇ ಕಥೆಗಳನ್ನೂ ಓದಬೇಕು. ಇಲ್ಲದಿದ್ದರೆ ಮಗುವಿಗೆ ಮಾತು ಬಂದೀತು, ಮಾತಾಡುವವರ ಮನೆ ಕಾಣದು.

ಇಲ್ಲಿ ಪೂರಾ ಬೆಲ್‌ಪ್ರೆ ಎಂಬ ಮಹಿಳೆಯನ್ನು ನೆನೆಯಬೇಕು. ಪೋರ್ಟೊ ರಿಕೊ ದ್ವೀಪದಲ್ಲಿ ಹುಟ್ಟಿದ ಈಕೆಯು 1921ರಲ್ಲಿ ನ್ಯೂಯಾರ್ಕಿನ ಸಾರ್ವಜನಿಕ ಪುಸ್ತಕಾಲಯದಲ್ಲಿ ಕೆಲಸಕ್ಕೆ ಸೇರಿದರು. ತಮ್ಮ ಅಜ್ಜಿಯಿಂದ ಕೇಳಿದ ಕಥೆಗಳಲ್ಲಿ ಒಂದೂ ಆ ಪುಸ್ತಕಾಲಯದ ಹಲಗೆಗಳ ಮೇಲೆ ಅವರಿಗೆ ಕಾಣಲಿಲ್ಲ. ವಲಸೆ ಬಂದವರ ಮಕ್ಕಳಿಗೆ ಆ ಕಥೆಗಳನ್ನು ಅವರು ಸ್ಪ್ಯಾನಿಷಿನಲ್ಲಿಯೂ ಇಂಗ್ಲಿಷಿನಲ್ಲಿಯೂ ಹೇಳತೊಡಗಿದರು. ಬೊಂಬೆಗಳನ್ನು ಆಡಿಸಿ ತೋರಿಸಿದರು. ಮಾರ್ಟಿನಾ ಎಂಬ ಚೆಲುವೆ ಜಿರಳೆಯೂ ಪೆರೆಸ್ ಎಂಬ ಇಲಿಯೂ ಬರುವ ಕಥೆಯನ್ನು 1932ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ತನ್ನನ್ನು ವರಿಸಲು ಬಂದ ಒಂದೊಂದು ಪ್ರಾಣಿಯನ್ನೂ, ‘ನನ್ನೊಡನೆ ನೀನು ಹೇಗೆ ಮಾತಾಡುವೆ?’ ಎಂಬರ್ಥದ ಪ್ರಶ್ನೆಯಿಂದ ಮಾರ್ಟಿನಾ ಪರೀಕ್ಷಿಸುವಳು. ಒಂದೊಂದೂ ತನ್ನ ಕೂಗನ್ನು ಕೂಗುವುದು. ನಾಲ್ಕು ವರುಷದ ಮಗುವು ಆ ಕೂಗುಗಳಲ್ಲಿ ತಾನೂ ಸೇರದೆ ಇರಲಾರದು. ಅಜ್ಜಿಯ ಕಥೆಯೊಂದು ಮೊಮ್ಮಗಳ ಕೈಯಿಂದ ನಗರದ ಪುಸ್ತಕಾಲಯವನ್ನು ಸೇರಿದ ಈ ವೃತ್ತಾಂತವನ್ನು ಓದುವಾಗ ನಮಗೆ ನಮ್ಮ ಅಜ್ಜಿಯಂದಿರ ನೆನಪು ಬಾರದೆ ಇರದು. ಬೆಲ್‌ಪ್ರೆಯವರ ಹೆಸರಿನಲ್ಲಿ ಅಮೆರಿಕದಲ್ಲಿ 1996ರಿಂದ ಮಕ್ಕಳ ಪುಸ್ತಕಗಳಿಗೆ ಬಹುಮಾನವುಂಟು. ಆ ಬಹುಮಾನ ಪಡೆದವುಗಳ ಪಟ್ಟಿಯು ತಾಯಂದಿರಿಗೆ ಒಳ್ಳೆಯ ದಾರಿದೀಪ.

ಮಗುವು ಬೆಳೆದ ಮೇಲೆ, ಉರುಗ್ವೆ ದೇಶದಲ್ಲಿ ಹುಟ್ಟಿದ ಒರಾಸಿಯೊ ಕಿರೋಗ ಅವರ 1918ರ ಕಾಡಿನ ಕಥೆಗಳನ್ನು ಓದಬಹುದು. ಆಮೆ, ಗಿಳಿ, ಮೊಸಳೆಗಳು ಅದರಲ್ಲಿವೆ. ತಾಯಿಯು ತನಗಾಗಿ ಓದಬಯಸಿದರೆ ನಮ್ಮ ರವೀಂದ್ರನಾಥ ಠಾಕೂರರ ಶಿಶುಗೀತಗಳ ಸಂಗ್ರಹವಾದ ‘ದಿ ಕ್ರೆಸೆಂಟ್ ಮೂನ್’ 1915ರಲ್ಲಿಯೇ ಸ್ಪ್ಯಾನಿಷಿಗೆ ಬಂದಿದೆ. ಸೆನೋಬಿಯ ಕಾಂಪ್ರುಬಿ ಎಂಬ ಮಹಿಳೆಯು ಅದನ್ನು ಭಾಷಾಂತರಿಸಿದರು. ಭಾರತದ ಮಗುವು ಒಂದು ನೂರು ವರುಷಗಳ ಹಿಂದೆಯೇ ಆ ಭಾಷೆಯ ಮನೆಗಳಿಗೆ ಹೋಗಿಬಂದಿದೆಯೆಂಬುದು ಇದರಿಂದ ತಿಳಿಯುವುದು.

ಒಂದು ವಾರದ ಮಾದರಿ ಪಾಠ

ಕಳೆದುಹೋದ ಬೆಕ್ಕನ್ನು ಮನೆಯವರು ಹುಡುಕುವ ಒಂದು ಚಿತ್ರಪುಸ್ತಕವಿದೆಯೆಂದು ಇಟ್ಟುಕೊಳ್ಳೋಣ. ದಿನಕ್ಕೆ 15 ನಿಮಿಷ ಸಾಕು.

ಸೋಮವಾರ: ಸ್ಪ್ಯಾನಿಷನ್ನು ಮುಟ್ಟಬೇಡಿರಿ. ಚಿತ್ರಗಳನ್ನು ತೋರಿಸುತ್ತ ಕಥೆಯನ್ನು ಕನ್ನಡದಲ್ಲಿ ಹೇಳಿರಿ. ಅರ್ಥವು ಮೊದಲು ಮನೆಮಾತಿನಲ್ಲಿ ಗಟ್ಟಿಯಾಗಲಿ.

ಮಂಗಳವಾರ: ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಸ್ಪ್ಯಾನಿಷಿನಲ್ಲಿ ಓದಿರಿ. ಬೆರಳು ಚಿತ್ರದ ಮೇಲಿರಲಿ. ವಾಕ್ಯಕ್ಕೊಂದು ಭಾಷಾಂತರವನ್ನು ಹೇಳಕೂಡದು. ಹೇಳಿದರೆ ಮಗುವು ಭಾಷಾಂತರಕ್ಕಾಗಿ ಕಾದು ಮೂಲವನ್ನು ಕೇಳದೆ ಬಿಡುವುದು.

ಬುಧವಾರ: ಮತ್ತೆ ಮತ್ತೆ ಬರುವ ಮಾತಿನಲ್ಲಿ ನಿಲ್ಲಿರಿ. ‘ದೋಂದೆ ಎಸ್ತಾ ಎಲ್...’ ಎಂದು ನಿಲ್ಲಿಸಿ ಮಗುವಿನ ಮುಖ ನೋಡಿರಿ. ‘ಗಾತೊ!’ ಎಂದು ಅದು ತುಂಬಿದರೆ ಸಂತೋಷ. ತುಂಬದಿದ್ದರೆ ನೀವೇ ತುಂಬಿ ಮುಂದೆ ಸಾಗಿರಿ.

ಗುರುವಾರ: ಪುಸ್ತಕವನ್ನು ಮುಚ್ಚಿಡಿರಿ. ಬಟ್ಟೆಯ ಬೆಕ್ಕೊಂದನ್ನು ಮೇಜಿನ ಕೆಳಗೆ ಅಡಗಿಸಿ ‘ಬೆಕ್ಕು ಎಲ್ಲಿದೆ?’ ಎಂದು ಸ್ಪ್ಯಾನಿಷಿನಲ್ಲಿ ಕೇಳಿರಿ. ‘ದೆಬಾಹೊ ದೆ ಲಾ ಮೇಸಾ’, ಮೇಜಿನ ಕೆಳಗೆ. ‘ಆಕೀ ಎಸ್ತಾ’, ಇಗೋ ಇಲ್ಲಿದೆ. ಮರುಸಲ ಮಗುವು ಅಡಗಿಸಲಿ, ನೀವು ಹುಡುಕಿರಿ.

ಶುಕ್ರವಾರ: ಪುಸ್ತಕವು ಮಗುವಿನ ಕೈಯಲ್ಲಿರಲಿ; ಅದು ನಿಮಗೆ ‘ಓದಲಿ’. ನೀವು ಬೇಕೆಂದು ಒಂದು ತಪ್ಪು ಮಾಡಿರಿ. ಬೆಕ್ಕನ್ನು ‘ಪೆರ್ರೊ’ ಎನ್ನಿರಿ. ಅಮ್ಮನನ್ನು ತಿದ್ದುವ ಸಂತೋಷದಲ್ಲಿ ಮಗುವು ಕಲಿಯುವಷ್ಟು ಮತ್ತಾವುದರಲ್ಲಿಯೂ ಕಲಿಯದು.

ಶನಿವಾರ: ಪುಸ್ತಕವನ್ನು ತೆಗೆದುಕೊಂಡು ಆ ಭಾಷೆಯ ನೆರೆಯವರ ಮನೆಗೆ ಹೋಗಿರಿ. ಅವರ ಬಾಯಿಂದ ಒಂದು ಸಲ ಓದಿಸಿರಿ. ನಿಮ್ಮ ಉಚ್ಚಾರಣೆಯ ಕೊರತೆಯು ಇಲ್ಲಿ ತುಂಬಿಬರುವುದು.

ಭಾನುವಾರ: ಊರಿನ ಅಜ್ಜಿಗೆ ದೂರವಾಣಿಯಲ್ಲಿ ಮಗುವು ಆ ಕಥೆಯನ್ನೆಲ್ಲ ಕನ್ನಡದಲ್ಲಿ ಹೇಳಲಿ.

ಓದುವಾಗ ಪ್ರಶ್ನೆಗಳನ್ನು ಕೇಳುವುದು ಒಳ್ಳೆಯದು. 1988ರಲ್ಲಿ ವೈಟ್‌ಹರ್ಸ್ಟ್ ಎಂಬವರೂ ಸಂಗಡಿಗರೂ ಪ್ರಕಟಿಸಿದ ಅಧ್ಯಯನದಲ್ಲಿ, ಸುಮ್ಮನೆ ಓದಿ ಮುಗಿಸದೆ ‘ಇದೇನು ಮಾಡುತ್ತಿದೆ?’ ಎಂದು ಕೇಳುತ್ತ, ಮಗುವಿನ ಉತ್ತರಕ್ಕೆ ಒಂದು ಮಾತನ್ನು ಸೇರಿಸುತ್ತ ಓದಿದ ತಾಯಿತಂದೆಗಳ ಮಕ್ಕಳು ಒಂದೇ ತಿಂಗಳಿನಲ್ಲಿ ಮಾತಿನಲ್ಲಿ ಮುಂದೆ ಸಾಗಿದ್ದರು. ಆದರೆ ಪ್ರಶ್ನೆಯು ಆಟವಾಗಿರಬೇಕು, ಪರೀಕ್ಷೆಯಾಗಿರಕೂಡದು. ನೆಂಟರ ಮುಂದೆ ಮಗುವನ್ನು ನಿಲ್ಲಿಸಿ ‘ಬೆಕ್ಕಿಗೆ ಏನನ್ನುತ್ತಾರೆ, ಹೇಳು’ ಎಂದು ಒತ್ತಾಯಪಡಿಸುವ ತಾಯಿಯು ಒಂದು ತಿಂಗಳಿನ ಕೆಲಸವನ್ನು ಒಂದು ಗಳಿಗೆಯಲ್ಲಿ ಕೆಡಿಸುವಳು. ಮಗುವು ಬಹುಕಾಲ ಕೇಳಿಯೂ ಮಾತಾಡದೆ ಇರಬಹುದು. ಎರಡು ಭಾಷೆಗಳನ್ನು ಒಂದೇ ವಾಕ್ಯದಲ್ಲಿ ಬೆರಸಬಹುದು. ಎರಡೂ ರೋಗಗಳಲ್ಲ.

ಮನೆಮಾತಿನ ವಿಚಾರ

ಇನ್ನು ಅತ್ತೆಯವರ ಪ್ರಶ್ನೆ. ಇದನ್ನು ಹಳಬರ ಭಯವೆಂದು ತಳ್ಳಿಬಿಡುವುದು ನಮ್ಮಿಂದಾಗದು. ಅದರ ಕಾರಣವನ್ನೂ ಹೇಳಿಬಿಡುತ್ತೇವೆ.

ನಾವು ಚಿಕ್ಕವರಾಗಿದ್ದಾಗ ಒಂದು ವಸತಿಶಾಲೆಯಲ್ಲಿ ಕೆಲವು ವರುಷ ಓದಿದೆವು. ಅಲ್ಲಿ ಕನ್ನಡ ಮಾತಾಡಿ ಸಿಕ್ಕಿಬಿದ್ದವಳ ಕೊರಳಿಗೆ ಮರದ ಬಿಲ್ಲೆಯೊಂದನ್ನು ಕಟ್ಟುತ್ತಿದ್ದರು. ಸಾಯಂಕಾಲ ಅದು ಯಾರ ಕೊರಳಿನಲ್ಲಿತ್ತೋ ಅವಳಿಗೆ ದಂಡ. ನಮಗೆ ಇಂಗ್ಲಿಷ್ ಬಂದಿತು, ಅದರಿಂದ ಉಪಕಾರವೂ ಆಯಿತು, ಅಲ್ಲಗಳೆಯುವುದಿಲ್ಲ. ಆದರೆ ರಜಕ್ಕೆ ಮನೆಗೆ ಹೋದಾಗ ನಾಲಗೆಯು ತಡವರಿಸುತ್ತಿತ್ತು. ಅಜ್ಜಿಯು ಏನಾದರೂ ಕೇಳಿದರೆ, ಬಿಲ್ಲೆಯ ನೆನಪಾಗಿ ಒಂದೆರಡು ಮಾತಿನಲ್ಲಿ ಮುಗಿಸುತ್ತಿದ್ದೆವು. ಕ್ರಮೇಣ ಅಜ್ಜಿಯೇ ಕೇಳುವುದನ್ನು ಕಡಮೆ ಮಾಡಿದರು. ‘ಮಗು ದೊಡ್ಡ ಓದು ಓದುತ್ತಿದೆ, ನನ್ನ ಮಾತು ಅದಕ್ಕೆ ಯಾಕೆ’ ಎಂದು ಅವರು ನಮ್ಮ ತಾಯಿಗೆ ಹೇಳಿದುದನ್ನು ನಾವು ಬಾಗಿಲ ಮರೆಯಿಂದ ಕೇಳಿದ್ದೇವೆ. ನಾವು ಹೈಸ್ಕೂಲು ಮುಗಿಸುವ ಮೊದಲೇ ಅವರು ತೀರಿಕೊಂಡರು. ಅವರ ಕಥೆಗಳಲ್ಲಿ ನಮಗೆ ಪೂರ್ತಿಯಾಗಿ ಬರುವುದು ಒಂದೇ ಒಂದು.

ಆದಕಾರಣ ನಾವು ಹೇಳುವುದಿಷ್ಟು. ಒಂದು ಭಾಷೆಯು ಬರುವುದರಿಂದ ಮತ್ತೊಂದು ಹೋಗುವುದಿಲ್ಲ. ಒಂದರ ಮೇಲೆ ನಾಚಿಕೆಯನ್ನು ಹೊರಿಸಿದರೆ ಅದು ಹೋಗುವುದು. ಹಾಗೆಯೇ ಅದಕ್ಕೆ ಹೊತ್ತನ್ನು ಕೊಡದಿದ್ದರೂ ಹೋಗುವುದು. ಪರದೇಶದಲ್ಲಿ ಇಂಗ್ಲಿಷನ್ನು ಬೀದಿಯೂ ಶಾಲೆಯೂ ಕಲಿಸುವುವು. ಸ್ಪ್ಯಾನಿಷಿಗೆ ನೆರೆಯವರುಂಟು, ಪುಸ್ತಕಾಲಯಗಳುಂಟು. ಕನ್ನಡಕ್ಕೆ ಇರುವವರು ನೀವೊಬ್ಬರೇ. ಸ್ಪ್ಯಾನಿಷ್ ಪುಸ್ತಕಕ್ಕೆ 15 ನಿಮಿಷವನ್ನು ಕೊಡುವ ದಿನ ಕನ್ನಡ ಕಥೆಗೆ ಅದಕ್ಕಿಂತ ಕಡಮೆಯಾಗದಷ್ಟು ಹೊತ್ತನ್ನು ಕೊಡಿರಿ. ಎರಡಕ್ಕೂ ಬಿಡುವಿಲ್ಲದ ದಿನ ಕನ್ನಡದ ಕಥೆಯನ್ನೇ ಹೇಳಿರಿ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆಯು 2015ರಲ್ಲಿ ಆರಂಭಿಸಿದ ‘ಸ್ಟೋರಿವೀವರ್’ ಎಂಬ ಅಂತರ್ಜಾಲದ ಭಂಡಾರದಲ್ಲಿ ಮಕ್ಕಳ ಚಿತ್ರಪುಸ್ತಕಗಳು ಅನೇಕ ಭಾಷೆಗಳಲ್ಲಿ ಉಚಿತವಾಗಿ ದೊರೆಯುವುವು. ಕನ್ನಡವೂ ಸ್ಪ್ಯಾನಿಷೂ ಅವುಗಳಲ್ಲಿವೆ. ಚಿತ್ರವೊಂದೇ ಆಗಿ ಮಾತು ಎರಡಾಗಿರುವ ಪುಸ್ತಕವು ದೊರೆತರೆ, ಒಂದು ವಸ್ತುವಿಗೆ ಎರಡು ಹೆಸರುಗಳಿರಬಹುದೆಂಬುದನ್ನು ಮಗುವು ತಾನಾಗಿಯೇ ಕಂಡುಕೊಳ್ಳುವುದು.

ಈ ಉತ್ತರವನ್ನು ಕಳುಹಿಸಿ ಏಳೆಂಟು ತಿಂಗಳಾದ ಮೇಲೆ ಆ ತಾಯಿಯ ಎರಡನೆಯ ಕಾಗದವು ಬಂದಿತು. ನಡುವೆ ಎರಡು ತಿಂಗಳು ಕೆಲಸದ ಒತ್ತಡದಿಂದ ಪುಸ್ತಕವನ್ನು ಮುಟ್ಟಲಾಗಲಿಲ್ಲವೆಂದೂ, ಮಗುವು ಬಹಳಷ್ಟನ್ನು ಮರೆತನೆಂದೂ ಆಕೆಯು ಮುಚ್ಚುಮರೆಯಿಲ್ಲದೆ ಬರೆದಿರುವಳು. ಆದರೆ ಪಕ್ಕದ ಮನೆಯ ವೃದ್ಧೆಯು ಶನಿವಾರ ಶನಿವಾರ ಬಾಗಿಲಿಗೆ ಬಂದು ಪುಸ್ತಕವೆಲ್ಲಿ ಎಂದು ಕೇಳುವುದನ್ನು ಬಿಡಲಿಲ್ಲವಂತೆ. ಅದರಿಂದಲೇ ಪಾಠವು ಪುನಃ ಆರಂಭವಾಯಿತು. ಈಗ ಮಗುವು ಅವರನ್ನು ‘ಅಬ್ವೆಲೀತಾ’ ಎಂದು ಕರೆಯುವನು; ಅಜ್ಜಮ್ಮ ಎಂದು ಅರ್ಥ. ಮೊನ್ನೆ ಭಾನುವಾರ ಊರಿನ ಅಜ್ಜಿಗೆ ಬೆಕ್ಕಿನ ಕಥೆಯನ್ನು ಕನ್ನಡದಲ್ಲಿ ಹೇಳುತ್ತ, ನಡುವೆ ಬೆಕ್ಕಿನ ಹೆಸರು ‘ಗಾತೊ’ ಎಂದನಂತೆ. ‘ಅದು ಯಾವ ಮಾತೋ ಮಗು?’ ಎಂದು ಅಜ್ಜಿಯು ಕೇಳಿದರು. ‘ಅಬ್ವೆಲೀತಾ ಮನೆಯ ಮಾತು. ನಿಮಗೂ ಹೇಳಿಕೊಡುತ್ತೇನೆ’ ಎಂದು ಅವನು ಉತ್ತರ ಕೊಟ್ಟನು. ಆ ದಿನ ದೂರವಾಣಿಯಲ್ಲಿ ಅರ್ಧ ಗಂಟೆ ಮಾತು ನಡೆಯಿತೆಂದೂ, ಅತ್ತೆಯವರು ಮೂರನೆಯ ಪ್ರಶ್ನೆಯನ್ನು ಹಿಂದಕ್ಕೆ ತೆಗೆದುಕೊಂಡಿರುವರೆಂದೂ ಕಾಗದದ ಕೊನೆಯಲ್ಲಿದೆ.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಬೇರೆ ಯಾರಾದರೂ ಈ ಕ್ರಮವನ್ನು ಅನುಸರಿಸಿ ನೋಡಿದರೆ ಫಲವನ್ನೂ ತೊಡಕನ್ನೂ ನಮಗೆ ಬರೆದು ತಿಳಿಸಬೇಕೆಂದು ಕೋರುತ್ತೇವೆ. ತೊಡಕುಗಳನ್ನು ತಪ್ಪದೆ ಬರೆಯಿರಿ. ಅವುಗಳಿಂದಲೇ ನಾವು ಹೆಚ್ಚಾಗಿ ಕಲಿಯುತ್ತೇವೆ.